ಏಪ್ರಿಲ್‌ನಲ್ಲಿ ಬಾರದ ತೀರ್ಪುಗಾರರು

‘ಕೋಲಾರದ ಕಡೆಯವರು ತರಕಾರಿ ಬೆಳೆಯುತ್ತಾರೆ, ತೋಟ ಮಾಡುವುದಿಲ್ಲ.’ ಬೆಂಗಳೂರಿನ ಉದ್ಯಾನಪ್ರಿಯರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರ ಪಾಲಿಗೆ ಇದು ಬೈಗುಳವಲ್ಲ, ಬರಿಯ ಭೂಗೋಳ. ಮಳೆ ಕಡಿಮೆ, ವರ್ಷವಿಡೀ ಹರಿಯುವ ಹೊಳೆಯಿಲ್ಲ, ಕೊಳವೆಬಾವಿ ಪಾತಾಳ ಮುಟ್ಟಿದೆ. ಟೊಮೆಟೊ ಬೆಳೆದು ಎಪಿಎಂಸಿಗೆ ಹಾಕುವವರಿಗೆ ಉದ್ಯಾನದ ಅಭಿರುಚಿ ಎಲ್ಲಿಂದ ಬರಬೇಕು? ಅಭಿರುಚಿ ಏನಿದ್ದರೂ ಲಾಲ್‌ಬಾಗಿನದು. ಅದರ ಮೇಲ್ವಿಚಾರಕರಾಗಿದ್ದ ಕ್ಯಾಮರೂನ್ ನೆಟ್ಟರು, ಕೃಂಬಿಗಲ್ ಬೆಳೆಸಿದರು, ನಾವು ವರ್ಷಕ್ಕೆರಡು ಸಲ ಟಿಕೆಟ್ ತೆಗೆದುಕೊಂಡು ನೋಡಿ ಕಲಿಯಬೇಕು.

ನಾನು ಬೇತಮಂಗಲದವನು. ಪಾಲಾರಿಗೆ ಕಟ್ಟಿದ ನಮ್ಮೂರ ಕೆರೆಯ ನೀರು ಪೈಪು ಹಿಡಿದು ಚಿನ್ನದ ಗಣಿಗೆ ಹೋಯಿತು. ಜಾನ್ ಟೇಲರ್ ಕಂಪನಿಯ ಸಾಹೇಬರ ಬಂಗಲೆಗಳು, ಕ್ಲಬ್ಬು, ಹುಲ್ಲುಹಾಸು ಎಲ್ಲ ಸೇರಿ ಕೆಜಿಎಫ್‌ಗೆ ‘ಲಿಟ್ಲ್ ಇಂಗ್ಲೆಂಡ್’ ಎಂಬ ಬಿರುದು ತಂದವು. ಆ ಬಿರುದನ್ನು ಇಂದಿಗೂ ಹೆಮ್ಮೆಯಿಂದ ಹೇಳುವವರಿದ್ದಾರೆ. ನೀರು ಕೊಟ್ಟ ಊರಿಗೆ ಅಭಿರುಚಿಯಿಲ್ಲ, ನೀರು ಕುಡಿದ ಊರಿಗೆ ಇದೆ ಎಂಬ ಲೆಕ್ಕ ನನಗೆ ಚಿಕ್ಕಂದಿನಿಂದಲೂ ಅರಗಿಲ್ಲ. ಈ ಲೇಖನದಲ್ಲಿ ಸಮತೂಕ ಹುಡುಕುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಚರಿತ್ರೆ ಓದುಗರಿಗೆ ಗೊತ್ತಿರುವಂಥದ್ದೇ. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನಮನೆಗೆ ಶಂಕುಸ್ಥಾಪನೆ ಮಾಡಿದ್ದು, ಕೃಂಬಿಗಲ್ ಕಾಲದಲ್ಲಿ, 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿದ್ದು, ಸ್ವಾತಂತ್ರ್ಯ ಬಂದ ಮೇಲೆ ಪ್ರದರ್ಶನ ಆಗಸ್ಟ್ 15 ಮತ್ತು ಜನವರಿ 26ಕ್ಕೆ ಅಂಟಿಕೊಂಡಿದ್ದು. ಅದರ ಜೊತೆಗೇ ತೋಟಗಳ ಸ್ಪರ್ಧೆಯೂ ಬೆಳೆಯಿತು: ಮನೆಯ ಅಲಂಕಾರಿಕ ತೋಟ, ತಾರಸಿ ತೋಟ, ಕೈತೋಟ, ಕಾರ್ಖಾನೆ ಕಚೇರಿಗಳ ದೊಡ್ಡ ಉದ್ಯಾನ. ಪ್ರದರ್ಶನಕ್ಕೆ ಮುಂಚಿನ ದಿನಗಳಲ್ಲಿ ತೀರ್ಪುಗಾರರು ಕಾರಿನಲ್ಲಿ ಬಂದಿಳಿದು, ಅಂಕ ಬರೆದು, ಕಾಫಿ ಕುಡಿದು ಮುಂದಿನ ಗೇಟಿಗೆ ಹೋಗುತ್ತಾರೆ.

ನನ್ನ ತಕರಾರು ಈ ದಿನಾಂಕಗಳ ಮೇಲೆ. ಆಗಸ್ಟ್‌ನಲ್ಲಿ ಬಯಲುಸೀಮೆಯ ಬೇಲಿಯೂ ಹಸಿರಾಗಿರುತ್ತದೆ. ಜನವರಿಯಲ್ಲಿ ಬಿಸಿಲು ಮೆತ್ತಗೆ, ರಾತ್ರಿ ಇಬ್ಬನಿ, ಬಾವಿಯಲ್ಲಿ ಇನ್ನೂ ನೀರು. ಆಗ ಚೆನ್ನಾಗಿ ಕಾಣದ ತೋಟವೇ ಇಲ್ಲ. ತೋಟ ಮಾಡಿದವನ ಬುದ್ಧಿ ಗೊತ್ತಾಗುವುದು ಏಪ್ರಿಲ್‌ನಲ್ಲಿ. ಬಚ್ಚಲು ನೀರು ಎಲ್ಲಿಗೆ ಹರಿಯುತ್ತದೆ, ಯಾವ ಗಿಡದ ನೆರಳಲ್ಲಿ ಯಾವ ಗಿಡ ಬದುಕಿದೆ, ಕೆರೆಯ ಗೋಡು ಹೊಡೆಸಿದ್ದು ಎಲ್ಲಿ, ಬುಡಕ್ಕೆ ತರಗು ಮುಚ್ಚಿದ್ದು ಎಲ್ಲಿ ಎಂದು ಆಗ ನೋಡಬೇಕು. ಆ ತಿಂಗಳು ಯಾವ ತೀರ್ಪುಗಾರರೂ ಬರುವುದಿಲ್ಲ.

ನಮ್ಮ ಸಂಬಂಧಿಕರೊಬ್ಬರ ಹಿತ್ತಲನ್ನು ನೋಡಿದ ತೀರ್ಪುಗಾರರೊಬ್ಬರು ‘ಗಿಡಗಳು ಆರೋಗ್ಯವಾಗಿವೆ, ಆದರೆ ತೋಟಕ್ಕೆ ಒಂದು ರೂಪವಿಲ್ಲ’ ಎಂದರಂತೆ. ಇದ್ದದ್ದು ಇಷ್ಟು: ಬಾಗಿಲ ಎದುರಿಗೆ ತುಳಸಿ, ಪಕ್ಕದಲ್ಲಿ ಮರುಗ, ದವನ, ಪೂಜೆಗೆ ಕೈಗೆಟಕುವಷ್ಟು ದೂರದಲ್ಲಿ ನಂದಿಬಟ್ಟಲು, ದಾಸವಾಳ, ಬಚ್ಚಲ ಮೋರಿಯ ಬಾಯಲ್ಲಿ ಬಾಳೆ, ಕೆಸು, ಬಿಸಿಲು ಬೀಳುವ ಗೋಡೆಗೆ ನುಗ್ಗೆ, ನುಗ್ಗೆಯ ತೆಳು ನೆರಳಿನಲ್ಲಿ ಕನಕಾಂಬರ. ಯಾವ ಗಿಡವನ್ನೂ ಅಲ್ಲಿಂದ ಕದಲಿಸುವಂತಿಲ್ಲ, ಒಂದೊಂದಕ್ಕೂ ಅಲ್ಲಿರಲು ಕಾರಣವಿದೆ. ಇದು ರೂಪವಲ್ಲದಿದ್ದರೆ ರೂಪ ಯಾವುದು?

ಈ ಪ್ರಶ್ನೆಗೆ ಲಂಡನ್ನಿನ ಚೆಲ್ಸಿಯಲ್ಲಿ ಅರ್ಧ ಉತ್ತರ ಸಿಗುತ್ತದೆ. 1913ರಿಂದ ಅಲ್ಲಿ ನಡೆಯುತ್ತಿರುವ ಪ್ರದರ್ಶನದಲ್ಲಿ ತೋಟ ರೂಪಿಸಿದವನು ತಾನು ಏನು ಮಾಡಹೊರಟಿದ್ದೇನೆಂದು ಮೊದಲೇ ಬರೆದುಕೊಡುತ್ತಾನೆ. ತೀರ್ಪುಗಾರರು ಅದನ್ನು ಮುಂದಿಟ್ಟುಕೊಂಡೇ ತೂಗುತ್ತಾರೆ. ಪಕ್ಕದ ತೋಟದೊಂದಿಗೆ ಪೈಪೋಟಿಯಿಲ್ಲ. ಮಟ್ಟ ಮುಟ್ಟಿದವರಿಗೆಲ್ಲ ಚಿನ್ನದ ಪದಕ. ನಮ್ಮವರು ಇಂಗ್ಲಿಷರಿಂದ ಹುಲ್ಲುಹಾಸನ್ನು ತಂದರು, ಈ ಪದ್ಧತಿಯನ್ನು ಬಿಟ್ಟು ಬಂದರು. ಹಿತ್ತಲ ಯಜಮಾನಿಯನ್ನು ‘ಏನು ಉದ್ದೇಶವಮ್ಮ?’ ಎಂದು ಕೇಳಿದ್ದರೆ ‘ದೇವರಿಗೆ ಹೂವು, ಸಾರಿಗೆ ಸೊಪ್ಪು, ಕಾಸು ಕೊಟ್ಟು ನೀರು ತರಿಸಬಾರದು’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಆ ಉದ್ದೇಶಕ್ಕೆ ಅಂಕ ಹಾಕಿದರೆ ಅವಳಿಗೆ ಸಿಗಬೇಕಾದದ್ದು ಚಿನ್ನವೇ. ಆದರೆ ಚೆಲ್ಸಿಯನ್ನೂ ನಾನು ಪೂರ್ತಿ ಒಪ್ಪಲಾರೆ. ಕೆಲವು ವಾರಗಳಲ್ಲಿ ಕಟ್ಟಿ, ಕೆಲವು ದಿನ ನಿಲ್ಲಿಸಿ, ಬಿಚ್ಚಿಹಾಕುವ ತೋಟ ಬೇಸಿಗೆಗೆ ಹೆದರಬೇಕಾಗಿಲ್ಲ.

ಇನ್ನು ಮರಿಗೌಡರು. ಡಾ. ಎಂ.ಎಚ್. ಮರಿಗೌಡರನ್ನು ‘ತೋಟಗಾರಿಕೆಯ ಪಿತಾಮಹ’ ಎಂದು ಕರೆದು, ಬೆಂಗಳೂರಿನ ಒಂದು ಗದ್ದಲದ ರಸ್ತೆಗೆ ಹೆಸರಿಟ್ಟು ಕೈತೊಳೆದುಕೊಂಡಿದ್ದೇವೆ. ಅಭಿರುಚಿಯ ಮಾತು ಬಂದಾಗ ಮಾತ್ರ ಎಲ್ಲರ ಬಾಯಲ್ಲೂ ಕೃಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡದ ಮೂಲಕ ಮೈಸೂರಿಗೆ ಬಂದ ಕೃಂಬಿಗಲ್ ದೊಡ್ಡವರು, ಇಲ್ಲವೆನ್ನುವುದಿಲ್ಲ. ಒಂದು ಮರ ಹೂ ಚೆಲ್ಲುವ ಹೊತ್ತಿಗೆ ಇನ್ನೊಂದು ಬಿಡುವಂತೆ ವರ್ಷದುದ್ದಕ್ಕೂ ಬೀದಿಮರಗಳನ್ನು ಹೆಣೆಯಲು ಹೊರಟ ಅವರ ಯೋಚನೆ ಹತ್ತು ದಿನದ ಪ್ರದರ್ಶನಕ್ಕೆ ನೇರ ವಿರೋಧ ಎಂಬುದನ್ನು ಅವರ ಭಕ್ತರು ಗಮನಿಸಿಲ್ಲ, ಅಷ್ಟೆ.

ಆದರೆ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು ಬಂದ ಮರಿಗೌಡರು ನೋಡಿದ್ದು ಬೀದಿಯನ್ನಲ್ಲ, ಒಣ ಹೊಲವನ್ನು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದ ಮೇಲೆ ಊರೂರಿಗೆ ತೋಟಗಾರಿಕಾ ಕ್ಷೇತ್ರ, ನರ್ಸರಿ ಮಾಡಿಸಿದರು. ನೀರಾವರಿಯಿಲ್ಲದ ಭೂಮಿಯಲ್ಲಿ ಹಣ್ಣಿನ ಮರ ನಿಲ್ಲುತ್ತದೆ, ಮೊದಲ ಕೆಲವು ವರ್ಷ ಸಸಿ ಉಳಿಸಿಕೊಂಡರೆ ಸಾಕು ಎಂದು ರೈತರಿಗೆ ಹೇಳಿಕೊಡಲು ಇಲಾಖೆಯನ್ನೇ ಹಳ್ಳಿಗೆ ಅಟ್ಟಿದರು. ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ 1959ರಲ್ಲಿ ಶುರುವಾಗಿ ಹಾಪ್‌ಕಾಮ್ಸ್ ಆಗಿ ಬೆಳೆದ ಸಂಸ್ಥೆಯ ಹಿಂದೆ ಇದ್ದವರೂ ಅವರೇ. ಬೆಳೆದದ್ದನ್ನು ಮಾರಲಾಗದ ತೋಟಗಾರಿಕೆ ಶೋಕಿ ಎಂಬ ತಿಳಿವಳಿಕೆ ಅದರ ಹಣ್ಣು ತರಕಾರಿ ಮಳಿಗೆಗಳಲ್ಲಿದೆ. ಶ್ರೀನಿವಾಸಪುರದ ಕಡೆ ಮಳೆ ನಂಬಿಕೊಂಡು ನಿಂತಿರುವ ಮಾವಿನ ತೋಪುಗಳ ನಡುವೆ ಮೇ ತಿಂಗಳಲ್ಲಿ ಓಡಾಡಿದವರಿಗೆ ಉದ್ಯಾನಕಲೆಯ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

ಮರಿಗೌಡರ ಕಾಲದಲ್ಲೂ ಲಾಲ್‌ಬಾಗಿನಲ್ಲಿ ಪ್ರದರ್ಶನ ನಡೆಯುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನಡೆಯುತ್ತಿತ್ತು. ಇದಕ್ಕೆ ನನ್ನಲ್ಲಿ ನ್ಯಾಯದ ಉತ್ತರವಿಲ್ಲ, ಪಕ್ಷಪಾತದ ಉತ್ತರವಿದೆ: ಅವರಿಗೆ ಅದು ಸಸಿ ಮಾರುವ ಸಂತೆ, ಈಗಿನವರಿಗೆ ಅದೇ ಗರ್ಭಗುಡಿ.

ಆ ಗರ್ಭಗುಡಿಯಲ್ಲಿ ಈಗ ಏನಿದೆ? 2022ರ ಆಗಸ್ಟ್‌ನಲ್ಲಿ ರಾಜ್‌ಕುಮಾರ್ ಮತ್ತು ಪುನೀತ್, 2023ರ ಆಗಸ್ಟ್‌ನಲ್ಲಿ ಕೆಂಗಲ್ ಹನುಮಂತಯ್ಯ ಮತ್ತು ವಿಧಾನಸೌಧ, 2024ರ ಜನವರಿಯಲ್ಲಿ ಬಸವಣ್ಣ, ಅದೇ ವರ್ಷದ ಆಗಸ್ಟ್‌ನಲ್ಲಿ ಅಂಬೇಡ್ಕರ್. ಈ ಹೆಸರುಗಳಲ್ಲಿ ನನ್ನ ಗೌರವಕ್ಕೆ ಪಾತ್ರವಲ್ಲದ್ದು ಒಂದೂ ಇಲ್ಲ. ಆದರೆ ದಂಟು ಕತ್ತರಿಸಿದ ಗುಲಾಬಿ, ಸೇವಂತಿಗೆಗಳನ್ನು ಲಕ್ಷಗಟ್ಟಲೆ ಒದ್ದೆ ಫೋಮಿಗೆ ಚುಚ್ಚಿ ಕಟ್ಟಡ ನಿಲ್ಲಿಸುವುದು ಥಿಯೇಟರ್ ಮುಂದಿನ ಕಟೌಟಿನ ಕಲೆ, ತೋಟದ್ದಲ್ಲ. ನಮಗೆ ಗಿಡವನ್ನು ಗಿಡವಾಗಿ ನೋಡುವ ವ್ಯವಧಾನ ಹೋಗಿದೆ. ಪಕ್ಕದಲ್ಲಿ ಒಂದು ಮುಖವೋ ಕಟ್ಟಡವೋ ಇರಬೇಕು. ಸಾಹಿತ್ಯ ಸಮ್ಮೇಳನಕ್ಕೆ ಮೆರವಣಿಗೆ, ಊರಹಬ್ಬಕ್ಕೆ ಫ್ಲೆಕ್ಸು, ಹೂವಿಗೆ ವಿಧಾನಸೌಧ. ಜಿಲ್ಲಾ ಕೇಂದ್ರಗಳ ಫಲಪುಷ್ಪ ಪ್ರದರ್ಶನಗಳಿಗೂ ಇದೇ ಚಾಳಿ ಹತ್ತಿದೆ.

ಇದನ್ನೆಲ್ಲ ಬೈಯುವ ಇನ್ನೊಂದು ಗುಂಪಿದೆ, ಅವರೊಂದಿಗೂ ನಾನಿಲ್ಲ. ‘ಜನಜಾತ್ರೆ, ಸೆಲ್ಫಿಗಾಗಿ ಬರುತ್ತಾರೆ’ ಎಂದು ಮೂಗು ಮುರಿಯುವವರು ಬಾನ್ಸಾಯ್, ಇಕೆಬಾನ ಸ್ಪರ್ಧೆಗಳ ಸಭಾಂಗಣಕ್ಕೆ ನುಗ್ಗಿ ನೆಮ್ಮದಿ ಪಡುತ್ತಾರೆ. ಮಾರಿಕುಪ್ಪಂ ರೈಲು ಹತ್ತಿ ಬರುವ ನಮ್ಮ ಕಡೆಯ ಹೆಂಗಸರು ಗಾಜಿನಮನೆಯಲ್ಲಿ ಒಂದು ಫೋಟೊ ತೆಗೆಸಿಕೊಂಡು, ಉಳಿದ ಹೊತ್ತೆಲ್ಲ ನರ್ಸರಿ ಮಳಿಗೆಗಳಲ್ಲಿ ಚೌಕಾಸಿ ಮಾಡಿ, ಮಡಿಲಲ್ಲಿ ಸಸಿ ಇಟ್ಟುಕೊಂಡು ಬಂಗಾರಪೇಟೆಯಲ್ಲಿ ಇಳಿಯುತ್ತಾರೆ. ಅವರ ಆಯ್ಕೆಯಲ್ಲಿ ನನಗೆ ಯಾವ ತೀರ್ಪುಗಾರನಿಗಿಂತ ಹೆಚ್ಚು ನಂಬಿಕೆ.

ಪ್ರದರ್ಶನದಲ್ಲಿ ನಿಜವಾದ ಕಲೆ ಇಲ್ಲವೇ ಎಂದರೆ, ಇದೆ. ಗಾಜಿನಮನೆಯ ಸುತ್ತ ಜೋಡಿಸಿದ ಕುಂಡಗಳಲ್ಲಿದೆ. ಜನವರಿ ಕೊನೆಯ ವಾರಕ್ಕೆ ಪೆಟೂನಿಯ ತುಂಬಿ ನಿಲ್ಲಬೇಕಾದರೆ ಮೂರು ತಿಂಗಳು ಮುಂಚೆ ಬೀಜ ಬಿತ್ತಬೇಕು, ಸಾಸಿವೆಗಿಂತ ಸಣ್ಣ ಬೀಜ. ಹೊತ್ತಿಗೆ ಸರಿಯಾಗಿ ಕುಡಿ ಚಿವುಟಬೇಕು. ಗುಲಾಬಿಯನ್ನು ಒಂದೂವರೆ ತಿಂಗಳ ಹಿಂದೆ ಸವರಬೇಕು. ಸೇವಂತಿಗೆಗೆ ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು. ಆಗಸ್ಟ್‌ಗೆ ಅದು ಅರಳಬೇಕೆಂದರೆ ಸಂಜೆ ಮುಂಚಿತವಾಗಿಯೇ ಕಪ್ಪು ಹೊದಿಕೆ ಮುಚ್ಚಿ ಗಿಡವನ್ನು ನಂಬಿಸಬೇಕು. ಇದನ್ನು ಮಾಡುವವರು ಮಾಲಿಗಳು. ಬಹುಮಾನದ ಫಲಕದ ಮೇಲೆ ಹೆಸರು ಬರುವುದು ಕಾರ್ಖಾನೆಯದು, ಕಚೇರಿಯದು, ಬಂಗಲೆಯ ಯಜಮಾನರದು.

ಬೆಂಗಳೂರಿನ, ಕೋಲಾರ ಸೀಮೆಯ ತೋಟಗಳನ್ನು ತಲೆಮಾರುಗಳಿಂದ ಕೈಯಾರೆ ಮಾಡಿಕೊಂಡು ಬಂದ ತಿಗಳರಿಗೆ ಅವರದೇ ಒಂದು ಹೂವಿನ ಹಬ್ಬವಿದೆ. ಬೆಂಗಳೂರಿನ ಧರ್ಮರಾಯನ ಗುಡಿಯ ಕರಗ ಹೊರಡುವುದು ಚೈತ್ರ ಹುಣ್ಣಿಮೆಯ ರಾತ್ರಿ, ಹೆಚ್ಚಾಗಿ ಏಪ್ರಿಲ್‌ನಲ್ಲಿ, ಮಲ್ಲಿಗೆಯ ಸುಗ್ಗಿಯಲ್ಲಿ. ಬೆಳೆಯುವ ಕುಲದವನೇ ಹೂವನ್ನು ತಲೆಯ ಮೇಲೆ ಹೊರುತ್ತಾನೆ. ಉದ್ಯಾನಕಲೆಯ ಪುಸ್ತಕಗಳು ಇದನ್ನು ಜಾನಪದದ ಅಧ್ಯಾಯಕ್ಕೆ ತಳ್ಳಿ, ಪೆಟೂನಿಯವನ್ನು ಕಲೆಯ ಅಧ್ಯಾಯದಲ್ಲಿ ಇಟ್ಟುಕೊಂಡಿವೆ. ಮುಂದಿನ ಸಲ ಸ್ಪರ್ಧೆಯ ನಿಯಮ ಬರೆಯುವವರು ಎರಡು ಸಾಲು ಸೇರಿಸಲಿ: ಮೊದಲೇ ಹೇಳದೆ ವೈಶಾಖದಲ್ಲಿ ಒಂದು ಸುತ್ತು ನೋಡತಕ್ಕದ್ದು, ಫಲಕದ ಮೇಲೆ ನೀರು ಹಾಕಿದವರ ಹೆಸರು ಕೆತ್ತಿಸತಕ್ಕದ್ದು. ಹುಲ್ಲುಹಾಸಿನವರಲ್ಲಿ ಎಷ್ಟು ಮಂದಿ ಅರ್ಜಿ ಹಾಕುತ್ತಾರೆ ನೋಡೋಣ.