ಧನ್ನಾನ ಕಲ್ಲು, ಧನ್ನಾನ ಹೊಲ

ಧನ್ನಾ ಭಗತನ ಹೆಸರೆತ್ತಿದರೆ ಸಾಕು, ಉತ್ತರದವರು ಕಲ್ಲಿನ ಕತೆ ಶುರುಮಾಡುತ್ತಾರೆ. ದನ ಕಾಯುವ ಜಾಟರ ಹುಡುಗ ಪೂಜೆಯ ಬ್ರಾಹ್ಮಣನಿಗೆ ಗಂಟುಬಿದ್ದು ನನಗೂ ಒಂದು ದೇವರು ಕೊಡು ಎನ್ನುತ್ತಾನೆ. ಪೀಡೆ ತೊಲಗಲೆಂದು ಆತ ಒಂದು ಕಲ್ಲನ್ನು ಸುತ್ತಿ ಕೊಡುತ್ತಾನೆ. ನೀನು ಉಣ್ಣದೆ ನಾನೂ ಉಣ್ಣೆ ಎಂದು ಹುಡುಗ ಹಟ ಹಿಡಿದಾಗ ದೇವರು ಬಂದು ರೊಟ್ಟಿ ತಿಂದು ಮಜ್ಜಿಗೆ ಕುಡಿಯುತ್ತಾನೆ. ಸಿಖ್ ಕವಿ ಭಾಯಿ ಗುರದಾಸರು ತಮ್ಮ ಹತ್ತನೆಯ ವಾರ್‌ನಲ್ಲಿ (ಕಥನಗೀತೆಯಲ್ಲಿ) ಇದನ್ನು ಚುರುಕಾಗಿ ಹೇಳಿದ್ದಾರೆ. ಶಿವನಿಗೆ ಹಾಲು ಕುಡಿಸಿದ ಕೊಡಗೂಸಿನ ಕತೆ ಬಲ್ಲ ನಮಗೆ ಈ ಜಾಡು ಹೊಸದೇನಲ್ಲ.

ಕತೆ ಮುದ್ದಾಗಿದೆ, ಒಪ್ಪೋಣ. ಆದರೆ ಅದು ಒಬ್ಬ ಕವಿಯನ್ನೇ ನುಂಗಿ ಕೂತಿದೆ.

1604ರಲ್ಲಿ ಗುರು ಅರ್ಜನರು ಸಂಕಲಿಸಿದ ಸಿಖ್ಖರ ಆದಿಗ್ರಂಥದಲ್ಲಿ ಧನ್ನಾನ ಪದಗಳು ಬೆರಳೆಣಿಕೆಯಷ್ಟು. ಆಸಾ ರಾಗದ ಒಂದು ಪದದಲ್ಲಿ ಕಲ್ಲೇನೋ ಬರುತ್ತದೆ. ಒಳಗಿರುವುದು ಮಾತ್ರ ದೇವರಲ್ಲ, ಹುಳು. ಹೊರಬರಲು ದಾರಿಯಿಲ್ಲದ ಆ ಹುಳುವಿಗೂ ಆಹಾರ ಒದಗಿಸುವವನಿದ್ದಾನೆ, ನೀನೇಕೆ ಹೆದರುತ್ತೀ ಎಂದು ಪದ ಕೇಳುತ್ತದೆ. ಕತೆಯಲ್ಲಿ ಮನುಷ್ಯ ಕಲ್ಲಿಗೆ ಉಣಿಸುತ್ತಾನೆ. ಪದದಲ್ಲಿ ಕಲ್ಲೊಳಗಿನ ಜೀವಕ್ಕೇ ಅನ್ನ ಸಲ್ಲುತ್ತದೆ. ಕತೆ ಕಟ್ಟಿದವರು ಪದವನ್ನು ತಲೆಕೆಳಗು ಮಾಡಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ಧನಾಸರಿ ರಾಗದ ಆರತಿ. ಇದೇ ರಾಗದಲ್ಲಿ ಗುರು ನಾನಕರ ಆರತಿಯೂ ಇದೆ: ಆಕಾಶವೇ ತಟ್ಟೆ, ಸೂರ್ಯಚಂದ್ರರೇ ದೀಪ. ಅದರ ಭವ್ಯತೆಯನ್ನು ಹೊಗಳದವರಿಲ್ಲ. ಧನ್ನಾನ ಆರತಿಯಲ್ಲಿ ದೀಪವೇ ಇಲ್ಲ, ಇರುವುದು ಬೇಡಿಕೆಯ ಪಟ್ಟಿ: ಬೇಳೆ, ಹಿಟ್ಟು, ತುಪ್ಪ, ಕಾಲಿಗೆ ಜೋಡು, ಮೈಗೆ ಒಳ್ಳೆಯ ಬಟ್ಟೆ, ಹಾಲು ಕರೆಯುವ ಹಸು ಮತ್ತು ಎಮ್ಮೆ. ಧಾನ್ಯವೂ ಬೇಕು, ಅದೂ ಏಳು ಸಲ ಉತ್ತ ಹೊಲದ್ದೇ ಆಗಬೇಕೆಂದು ಟೀಕಾಕಾರರು ಬಿಡಿಸುತ್ತಾರೆ.

ಕಬೀರನೂ ಸೋರಠ ರಾಗದಲ್ಲಿ ಇಂಥದೇ ಪಟ್ಟಿ ಒಪ್ಪಿಸಿದ್ದಾನೆ: ಎರಡು ಸೇರು ಹಿಟ್ಟು, ಪಾವು ತುಪ್ಪ, ಉಪ್ಪು, ಅರ್ಧ ಸೇರು ಬೇಳೆ. ಹಸಿದವನಿಂದ ಭಕ್ತಿ ಆಗದು, ನಿನ್ನ ಜಪಮಾಲೆ ನೀನೇ ಇಟ್ಟುಕೋ ಎಂಬ ಬೆದರಿಕೆ ಬೇರೆ. ಕಬೀರ ನೇಕಾರ, ಅಂಗಡಿಯಿಂದ ತರುವವನು, ಅವನಿಗೆ ಅಳತೆ ಗೊತ್ತು. ಧನ್ನಾ ಹಿಟ್ಟನ್ನು ಅಳೆಯುವುದಿಲ್ಲ, ಉಳುಮೆಯನ್ನು ಎಣಿಸುತ್ತಾನೆ. ಬೆದರಿಸುವುದೂ ಇಲ್ಲ. ಕೆಲಸ ಮಾಡಿದವನು ಕೂಲಿ ಕೇಳುವ ದನಿ ಅದು.

ಇಂಥವನಿಗೆ ನಾಭಾದಾಸರ 'ಭಕ್ತಮಾಲ' ದಯಪಾಲಿಸಿದ ಪವಾಡವೇನು? ಬಿತ್ತದೆಯೇ ಮೊಳೆತ ಹೊಲ! ಏಳು ಸಾಲು ಉಳುಮೆಯ ಬೆವರು ಗೊತ್ತಿದ್ದವನ ಮೇಲೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚದು.

ಆದಿಗ್ರಂಥದ ವ್ಯಾಖ್ಯಾನಕಾರ ಪ್ರೊಫೆಸರ್ ಸಾಹಿಬ್ ಸಿಂಗ್ ಕಲ್ಲಿನ ಕತೆಯನ್ನು ತಳ್ಳಿಹಾಕಿದರು, ಸರಿಯಾಗಿಯೇ. ಅವರು ಹಿಡಿದ ಆಧಾರ ಗುರು ಅರ್ಜನರ ಪದ: ನಾಮದೇವ, ಕಬೀರ, ರವಿದಾಸ, ಸೈನರ ಸುದ್ದಿ ಕೇಳಿ ಈ ಜಾಟ ಭಕ್ತಿಗೆ ತೊಡಗಿದ ಎನ್ನುತ್ತದೆ ಅದು. ಆದರೆ ಅವರ ಜಗಳ ವಿಗ್ರಹಪೂಜೆಯ ಜೊತೆಗೆ. ಸಿದ್ಧಾಂತ ಗೆದ್ದಿತು, ಕವಿತೆ ಇದ್ದಲ್ಲೇ ಉಳಿಯಿತು. ಹಿಂದಿ ಸಾಹಿತ್ಯ ಚರಿತ್ರೆಗಳಿಗಂತೂ ಧನ್ನಾ ಎಂದರೆ ರಾಮಾನಂದರ ಶಿಷ್ಯರ ಪಟ್ಟಿಯಲ್ಲಿ ಇನ್ನೊಂದು ಹೆಸರು. ಇವರೆಲ್ಲರಿಗಿಂತ ನನಗೆ ರೇಗುವುದು ಹಸುವಿಗೂ ತುಪ್ಪಕ್ಕೂ ಆಧ್ಯಾತ್ಮಿಕ ಅರ್ಥ ಹಚ್ಚುವವರ ಮೇಲೆ. ತುಪ್ಪ ಜ್ಞಾನವಾದರೆ ಜೋಡು ಏನಾಗಬೇಕು?

ಧನ್ನಾನ ಆರತಿಯಲ್ಲಿ ದೋಷವಿಲ್ಲವೆ? ಇದೆ. ಪಟ್ಟಿ ಮುಂದುವರಿದು ಒಳ್ಳೆಯ ತಳಿಯ ಹೆಣ್ಣುಗುದುರೆ ಕೇಳುತ್ತದೆ, ಕೊನೆಗೆ ಒಳ್ಳೆಯ ಹೆಂಡತಿಯನ್ನು. ಕುದುರೆಯ ಆಸೆ ನನಗೆ ಇಷ್ಟವೇ. ಹೊಟ್ಟೆಪಾಡಿನಾಚೆಗೂ ರೈತ ಬಯಸಬಹುದೆಂಬ ಸಂಕೋಚವಿಲ್ಲದ ಮಾತು ಅದು. ಆದರೆ ಹೆಂಡತಿಯನ್ನು ದನ, ಕುದುರೆಗಳ ಸಾಲಿನಲ್ಲೇ ತಂದು ನಿಲ್ಲಿಸಿದ್ದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ.