ಕಬ್ಬಿನ ಗದ್ದೆ ಬದಿಯ ಎರಡನೇ ಆಟ

ಮಂಡ್ಯ ಸೀಮೆಯಲ್ಲಿ ದೆವ್ವದ ಸಿನಿಮಾದ ಮಾತೆತ್ತಿದರೆ ಐವತ್ತು ದಾಟಿದವರು ಮೊದಲು ಹೇಳುವುದು ಕಥೆಯನ್ನಲ್ಲ, ಮನೆಗೆ ವಾಪಸು ಬಂದ ದಾರಿಯನ್ನು. ಟೆಂಟಿನಲ್ಲಿ ಎರಡನೇ ಆಟ ಬಿಡುವ ಹೊತ್ತಿಗೆ ನಡುರಾತ್ರಿ ಕಳೆದಿರುತ್ತಿತ್ತು. ಆಮೇಲೆ ಹಳ್ಳಿಯವರೆಗೆ ನಡಿಗೆ. ಒಂದು ಮಗ್ಗುಲಿಗೆ ನಾಲೆ, ಇನ್ನೊಂದು ಮಗ್ಗುಲಿಗೆ ಆಳು ಮುಳುಗುವಷ್ಟು ಕಬ್ಬು. ಗಾಳಿಗೆ ಸೋಗೆ ಸರಕ್ಕೆಂದರೆ ಇಡೀ ಗುಂಪು ಒಂದೇ ಮುದ್ದೆಯಾಗುತ್ತಿತ್ತು. ಕೊನೆಯಲ್ಲಿ ನಡೆಯಲು ಯಾರೂ ಒಪ್ಪುತ್ತಿರಲಿಲ್ಲ. ‘ಹಿಂದ್ಕೆ ತಿರುಗ್‌ಬ್ಯಾಡ ಕಣ್ಲಾ’ ಅನ್ನುತ್ತಲೇ ಎಲ್ಲರೂ ತಿರುಗಿ ನೋಡುತ್ತಿದ್ದರು.

ಕಡಿಮೆ ದುಡ್ಡಿನಲ್ಲಿ ತೆಗೆದ ಆ ಚಿತ್ರಗಳು ಅಷ್ಟು ಹೆದರಿಸಿದ್ದು ಹೇಗೆ? ಅರ್ಧ ಕೆಲಸ ಪರದೆಯದು, ಉಳಿದರ್ಧ ಊರಿನದು. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಗೆ ಸಿನಿಮಾ ಅಂದರೆ ಬಹುಕಾಲ ಟೂರಿಂಗ್ ಟಾಕೀಸೇ. ಘಂಟಸಾಲರ ವೆಂಕಟೇಶ ಸ್ತುತಿ ಮೈಕಿನಲ್ಲಿ ಕೇಳಿಸಿತೆಂದರೆ ಆಟ ಶುರುವಾಗುತ್ತದೆಂದು ಅರ್ಥ, ಹೊಲದಾಚೆ ಇದ್ದವರೂ ಓಡಬೇಕು. ನೆಲದ ಟಿಕೆಟ್ಟಿನವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ.

ಟೆಂಟಿನಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಒಂದೇ ಪ್ರೊಜೆಕ್ಟರು. ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು 11 ನಿಮಿಷ. ಎರಡು ರೀಲು ಜೋಡಿಸಿ ಸುತ್ತಿದರೂ ಇಪ್ಪತ್ತು ನಿಮಿಷಕ್ಕೊಮ್ಮೆ ಆಟ ನಿಲ್ಲಲೇಬೇಕು. ಬಾಗಿಲು ತಾನಾಗಿ ತೆರೆಯುತ್ತಿದೆ, ಒಳಗೆ ಬಿಳಿ ಸೀರೆಯ ಅಂಚು ಕಂಡಿದೆ, ಅಷ್ಟರಲ್ಲಿ ಪರದೆ ಬರಿದು! ದೀಪ ಹತ್ತಿ, ಕಡಲೇಕಾಯಿ ಮಾರುವವನು ಒಳಗೆ ಬಂದು ಹೋಗುವಷ್ಟು ಹೊತ್ತು ಆ ಸೀರೆ ಎಲ್ಲರ ತಲೆಯೊಳಗೇ ನಿಂತಿರುತ್ತಿತ್ತು. ಯಾವ ನಿರ್ದೇಶಕನೂ ಬೇಕೆಂದು ಕೊಡಲಾಗದ ಭಯ ಅದು.

ಈ ಬಗೆಯ ಚಿತ್ರಗಳ ದೊಡ್ಡ ಯಜಮಾನ ಕನ್ನಡನಾಡಿನವರೇ. ಉಡುಪಿ ಬಳಿಯ ಉದ್ಯಾವರದ ಬಿ. ವಿಠಲಾಚಾರ್ಯ (1920–1999) ಹಾಸನ ಸೀಮೆಯಲ್ಲಿ ಟೂರಿಂಗ್ ಟಾಕೀಸು ನಡೆಸಿದವರು. ನೆಲದ ಟಿಕೆಟ್ಟಿನವನು ಯಾವಾಗ ಶಿಳ್ಳೆ ಹಾಕುತ್ತಾನೆ, ಯಾವಾಗ ಕಣ್ಣು ಮುಚ್ಚುತ್ತಾನೆ ಎಂಬುದನ್ನು ಅವರು ಟೆಂಟಿನಲ್ಲೇ ಕಲಿತರು. ಮೈಸೂರಿನಲ್ಲಿ ಡಿ. ಶಂಕರ್ ಸಿಂಗ್ ಜೊತೆ ಮಹಾತ್ಮ ಪಿಕ್ಚರ್ಸ್‌ನಲ್ಲಿದ್ದಾಗ ‘ನಾಗಕನ್ನಿಕಾ’, ‘ಜಗನ್ಮೋಹಿನಿ’ (1951) ಬಂದವು. ಆಮೇಲೆ ಮದರಾಸಿಗೆ ಹೋಗಿ ತೆಲುಗಿನಲ್ಲಿ ಜಾನಪದ ಚಿತ್ರಗಳ ಬ್ರಹ್ಮ ಅನ್ನಿಸಿಕೊಂಡರು. ಡೇಟ್ಸ್ ಕೊಡದೆ ಸತಾಯಿಸಿದ ನಟನ ಪಾತ್ರವನ್ನು ಶಾಪದ ನೆಪದಲ್ಲಿ ಗಿಳಿಯನ್ನೋ ಕುರಿಯನ್ನೋ ಮಾಡಿ ಶೂಟಿಂಗ್ ಮುಂದುವರಿಸುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಇವತ್ತಿಗೂ ಓಡಾಡುತ್ತದೆ. 1978ರಲ್ಲಿ ಅದೇ ‘ಜಗನ್ಮೋಹಿನಿ’ ಹೆಸರಿನಲ್ಲಿ ಅವರು ತೆಗೆದ ತೆಲುಗು ಚಿತ್ರದಲ್ಲಿ ಜಯಮಾಲಿನಿ ಮೋಹಿನಿ. ದೆವ್ವ ತನ್ನ ಕಾಲನ್ನೇ ಸೌದೆಯಂತೆ ಒಲೆಗಿಟ್ಟು ಅಡುಗೆ ಮಾಡುವ ದೃಶ್ಯವನ್ನು ನೋಡಿದವರು ಮರೆತಿಲ್ಲ. ಅದಕ್ಕೆ ಬೇಕಾದದ್ದು ಒಂದು ಒಲೆ, ಒಂದಿಷ್ಟು ಬೆಂಕಿ, ಕ್ಯಾಮೆರಾ ಇಡುವ ಜಾಗದ ಜಾಣ್ಮೆ, ಅಷ್ಟೆ. ಸೌದೆ ಒಲೆಯ ಮುಂದೆ ದಿನಾ ಕೂರುವ ಹೆಂಗಸರಿಗೆ ಅದು ಹೇಗೆ ನಾಟಿರಬೇಡ! ತೆಲುಗು ಬಾರದಿದ್ದರೆ ಏನಂತೆ, ಗೆಜ್ಜೆ ಸದ್ದಿಗೆ ಅನುವಾದ ಬೇಕಿಲ್ಲ.

ಆದರೂ ಒಂದೇ ಚಿತ್ರ ಆರಿಸು ಅಂದರೆ ಈ ಸೀಮೆಯ ಹಳೇ ಪ್ರೇಕ್ಷಕರು ಹೆಸರಿಸುವುದು ‘ನಾ ನಿನ್ನ ಬಿಡಲಾರೆ’ (1979). ವಿಜಯ್ ನಿರ್ದೇಶನ, ಅನಂತನಾಗ್–ಲಕ್ಷ್ಮಿ ಜೋಡಿ, ರಾಜನ್–ನಾಗೇಂದ್ರ ಸಂಗೀತ. ಅವರ ಆಯ್ಕೆ ಸರಿ. ಇಲ್ಲಿ ಮೈಮೇಲೆ ಬರುವುದು ಹೆಂಗಸಿನ ಪ್ರೇತ, ಬರುವುದು ಗಂಡಸಿನ ಮೇಲೆ. ಮೇಕಪ್ಪಿಗಿಂತ ಹೆಚ್ಚಾಗಿ ಅನಂತನಾಗ್ ತಮ್ಮ ಕಣ್ಣು, ಕತ್ತು, ನಗುವಿನಿಂದಲೇ ಹೆದರಿಸುತ್ತಾರೆ. ಈಗ ತಾನೆ ಮೆಲುದನಿಯಲ್ಲಿ ಹಾಡು ಹೇಳಿದ ಗಂಡ ಮರುಗಳಿಗೆಗೆ ಬೇರೆ ಯಾರೋ ಆಗಿ ಹೆಂಡತಿಯನ್ನು ನೋಡುತ್ತಾನೆ. ಕೊನೆಗೆ ಮಂತ್ರಾಲಯದ ರಾಯರೇ ದಿಕ್ಕು. ಹಾಡು ಅಷ್ಟು ಇಂಪಾಗಿದ್ದರಿಂದಲೇ ಆ ನೋಟ ಅಷ್ಟು ಕ್ರೂರವಾಗಿ ಕಾಣುತ್ತದೆ. ಇದೇ ಕಥೆ 1981ರಲ್ಲಿ ‘ಮಂಗಳಸೂತ್ರ’ ಆಗಿ ಹಿಂದಿಗೆ ಹೋಯಿತು, ಅಲ್ಲೂ ಅನಂತನಾಗ್, ಜೊತೆಗೆ ರೇಖಾ.

ಹಿಂದಿಯ ರಾಮ್‌ಸೆ ಸಹೋದರರದು ಇನ್ನೊಂದು ದಾರಿ. 1970ರಲ್ಲಿ ಅವರ ಮನೆಯ ‘ಏಕ್ ನನ್ಹೀ ಮುನ್ನಿ ಲಡ್ಕೀ ಥೀ’ ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ತೊಟ್ಟು ಕದಿಯುವ ದೃಶ್ಯಕ್ಕೆ ಮಾತ್ರ ಜನ ಮತ್ತೆ ಮತ್ತೆ ಬರುತ್ತಿದ್ದರು. ಅದನ್ನು ಗಮನಿಸಿ 1972ರಲ್ಲಿ ‘ದೋ ಗಜ್ ಜಮೀನ್ ಕೇ ನೀಚೇ’ ತೆಗೆದರು, 1984ರ ‘ಪುರಾನಾ ಮಂದಿರ್’ ಹೊತ್ತಿಗೆ ದೇಶವೇ ಅವರ ದೆವ್ವಗಳಿಗೆ ಹೆದರುತ್ತಿತ್ತು.

ಒಂದರ ಮೇಲೊಂದು ಸಿನಿಮಾ ನೋಡುವ ಹಬ್ಬ ಅಂದರೆ ಶಿವರಾತ್ರಿ. ಜಾಗರಣೆಯ ನೆಪದಲ್ಲಿ ರಾತ್ರಿಯಿಡೀ ಆಟ. ಮೊದಲು ಭಕ್ತಿಯ ಚಿತ್ರ, ಅಜ್ಜಿಯರು ಕೈಮುಗಿದು ನೋಡುವಂಥದ್ದು. ಎರಡನೆಯದು ಹೊಡೆದಾಟದ್ದೋ ದೆವ್ವದ್ದೋ. ಮಕ್ಕಳು ಮೊದಲನೆಯದಕ್ಕೆ ನಿದ್ದೆ ಹೊಡೆದು ಎರಡನೆಯದಕ್ಕೆ ಎದ್ದು ಕೂರುತ್ತಿದ್ದರು. ಬೆಳಗಿನ ಜಾವ ಹೊರಗೆ ಬಂದರೆ ಚಳಿ, ಮಂಜು, ನಾಲೆಯ ನೀರಿನ ಸದ್ದು. ಅಂದು ಮಾತ್ರ ದಾರಿಯುದ್ದಕ್ಕೂ ಜನವಿರುತ್ತಿದ್ದರು.

ತೊಂಬತ್ತರ ದಶಕದಲ್ಲಿ ದೆವ್ವ ಪರದೆಯಿಂದ ಬೀದಿಗೇ ಬಂತು. ರಾತ್ರಿ ಹೆಸರು ಹಿಡಿದು ಕೂಗುವ ಹೆಂಗಸಿನ ಸುದ್ದಿ ಹಬ್ಬಿ, ರಾಜ್ಯದ ಎಷ್ಟೋ ಮನೆಗಳ ಬಾಗಿಲ ಮೇಲೆ ಸುಣ್ಣ, ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದರು. ಅದೇ ದಶಕದ 1993ರಲ್ಲಿ ಉಪೇಂದ್ರ ‘ಶ್!’ ಮಾಡಿದರು. ಸಿನಿಮಾ ಶೂಟಿಂಗಿಗೆ ಬಂದ ತಂಡವನ್ನೇ ಭಯ ಕಾಡುವ ಕಥೆ, ಕೈಯಲ್ಲಿದ್ದದ್ದು ಸಣ್ಣ ಬಜೆಟ್ಟು. ಅಷ್ಟರಲ್ಲಿ ಮನೆಮನೆಗೆ ಟಿವಿ ಬಂದು ಟೆಂಟುಗಳು ಒಂದೊಂದಾಗಿ ಗೂಟ ಕೀಳುತ್ತಿದ್ದವು. ಮಂಡ್ಯ ಪೇಟೆಯಲ್ಲಿ ಇವತ್ತಿಗೂ ದಾರಿ ಕೇಳಿದರೆ ಸಂಜಯ ವೃತ್ತ, ಮಹಾವೀರ ವೃತ್ತ ಎಂದು ಟಾಕೀಸಿನ ಹೆಸರುಗಳನ್ನೇ ಹೇಳುತ್ತಾರೆ.

‘ನಾ ನಿನ್ನ ಬಿಡಲಾರೆ’ ಈಗ ಮೊಬೈಲಿನಲ್ಲೇ ಸಿಗುತ್ತದೆ. ಟೆಂಟಿನಲ್ಲಿ ನೋಡಿದವರ ಪಕ್ಕ ಕೂತು ಅದನ್ನು ನೋಡಬೇಕು. ಚಿತ್ರ ತಡೆಯಿಲ್ಲದೆ ಓಡುತ್ತಿರುತ್ತದೆ, ಅವರು ಮಾತ್ರ ಒಂದು ಜಾಗ ಬಂದಕೂಡಲೇ ‘ಇಲ್ಲಿ ರೀಲು ಬದಲಾಯಿಸ್ತಿದ್ರು’ ಎಂದು ಎದ್ದು ಹೋಗಿ, ನೀರು ಕುಡಿದು, ಬಾಗಿಲ ಚಿಲಕ ಹಾಕಿ ಬಂದು ಕೂರುತ್ತಾರೆ.