‘ಉದ್ದೇಶ’ ಮತ್ತು ‘ಸಂಭವ’: ಭಯೋತ್ಪಾದನೆಯ ಹೊಸ ಕಲಮಿನ ಒಂದು ಓದು

ಪರ್ವರಿಯಲ್ಲಿ ಗೋವಾದ ವಿಧಾನಸಭೆಯಿದೆ. 2021ರಿಂದ ಬಾಂಬೆ ಹೈಕೋರ್ಟಿನ ಗೋವಾ ಪೀಠವೂ ಅಲ್ಲಿಯೇ ನೆಲೆಸಿದೆ. ಕಾನೂನನ್ನು ರಚಿಸುವ ಮನೆಯೂ ಅದನ್ನು ಒರೆಗೆ ಹಚ್ಚುವ ಮನೆಯೂ ನೆರೆಹೊರೆಯಾಗಿರುವ ಈ ನೆಲೆಯಿಂದ ನೋಡಿದಾಗ, ಭಾರತೀಯ ನ್ಯಾಯ ಸಂಹಿತೆಯ 113ನೆಯ ಕಲಮು ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಭಯೋತ್ಪಾದನೆಯ ಎದುರು ಸರ್ಕಾರಕ್ಕೆ ಕೊರತೆಯಾಗಿದ್ದುದು ಅಧಿಕಾರವೋ, ಪುರಾವೆಯೋ?

2023ರ ಆಗಸ್ಟಿನಲ್ಲಿ ಮಂಡಿಸಿದ ಮೊದಲ ಮಸೂದೆಯ ವ್ಯಾಖ್ಯೆ ಸಾರ್ವಜನಿಕ ಸುವ್ಯವಸ್ಥೆಯ ಭಂಗವನ್ನೂ ಒಳಗೊಳ್ಳುವಷ್ಟು ಸಡಿಲವಾಗಿತ್ತು. ಸಂಸದೀಯ ಸ್ಥಾಯಿ ಸಮಿತಿಯ ಪರಿಶೀಲನೆಯ ತರುವಾಯ ಡಿಸೆಂಬರಿನಲ್ಲಿ ಬಂದ ಮಸೂದೆ ಆ ವ್ಯಾಖ್ಯೆಯನ್ನು ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆಯ, ಅಂದರೆ ಯುಎಪಿಎಯ, 15ನೆಯ ಕಲಮಿಗೆ ಸಮೀಪವಾಗಿಸಿತು. ಇದು ಸುಧಾರಣೆಯೇ ಸರಿ. ಆದರೆ ಯುಎಪಿಎಯ ಹಳೆಯ ದೋಷವೂ ಜೊತೆಗೇ ಬಂದಿತು. ದೇಶದ ಏಕತೆಗೆ ಬೆದರಿಕೆಯೊಡ್ಡುವ ‘ಉದ್ದೇಶ’ದ ಕೃತ್ಯದೊಡನೆ ಬೆದರಿಕೆಯಾಗುವ ‘ಸಂಭವ’ವುಳ್ಳ ಕೃತ್ಯವನ್ನೂ ಕಲಮು ಸೇರಿಸುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಒಂದು ‘ಅಥವಾ’ ಇವೆರಡನ್ನೂ ಸಲೀಸಾಗಿ ಬೆಸೆಯುತ್ತದೆ. ಕನ್ನಡಕ್ಕೆ ತರುವಾಗ ವಾಕ್ಯ ಇಬ್ಭಾಗವಾಗಲೇಬೇಕು. ಉದ್ದೇಶವು ಕರ್ತೃವಿನ ಮನಸ್ಸಿನದು. ಸಂಭವವು ನೋಡುವವನ ಊಹೆಯದು. ಅನುವಾದದಲ್ಲಿ ಬಾಯ್ದೆರೆಯುವ ಈ ಬಿರುಕು ಮೂಲದಲ್ಲಿಯೇ ಇದೆ.

ಯಾವ ಕಾಯ್ದೆಯಡಿ ಪ್ರಕರಣ ದಾಖಲಿಸಬೇಕೆಂಬುದನ್ನು ಪೊಲೀಸ್ ವರಿಷ್ಠಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಿರ್ಧರಿಸುತ್ತಾನೆ. ಯುಎಪಿಎಯಡಿ ನ್ಯಾಯಾಲಯವು ಇಂಥ ಪ್ರಕರಣವನ್ನು ಕೈಗೆತ್ತಿಕೊಳ್ಳುವ ಮುನ್ನ ಪ್ರತ್ಯೇಕ ಪ್ರಾಧಿಕಾರವೊಂದು ಸಾಕ್ಷ್ಯವನ್ನು ಪರಿಶೀಲಿಸಬೇಕು, ಸರ್ಕಾರ ಮಂಜೂರಾತಿ ನೀಡಬೇಕು. 113ರಲ್ಲಿ ಅಂಥ ಜರಡಿಯಿಲ್ಲ. ಯುಎಪಿಎಯ ಕಠೋರ ಜಾಮೀನು ನಿಯಮ 113ಕ್ಕೆ ಅಂಟಿಲ್ಲವೆಂಬುದೂ ನಿಜ. ಆದರೆ ಒಂದೇ ಕೃತ್ಯಕ್ಕೆ ಎರಡು ದಾರಿಗಳಿದ್ದು, ಆಯ್ಕೆಯ ಮಾನದಂಡವೇ ಇಲ್ಲದಿದ್ದರೆ ಅದು ವಿವೇಚನೆಯೆನಿಸದು.

ಗೋವಾದ ಅನುಭವ ಇಲ್ಲಿ ಬೋಧಪ್ರದ. 2009ರ ಅಕ್ಟೋಬರ್ 16ರಂದು, ದೀಪಾವಳಿಯ ಮುನ್ನಾದಿನ, ಮಡಗಾಂವಿನಲ್ಲಿ ಸ್ಕೂಟರಿನಲ್ಲಿದ್ದ ಸ್ಫೋಟಕ ಸಿಡಿದು ಇಬ್ಬರು ಸತ್ತರು. ಮುಂಬಯಿ ದಾಳಿಯ ಬೆನ್ನಿಗೆ, 2008ರ ಡಿಸೆಂಬರಿನಲ್ಲಿಯೇ, ಯುಎಪಿಎ ಬಿಗಿಗೊಂಡಿತ್ತು. ರಾಷ್ಟ್ರೀಯ ತನಿಖಾ ಸಂಸ್ಥೆಯನ್ನು ಸ್ಥಾಪಿಸುವ ಕಾಯ್ದೆಯೂ ಬಂದಿತ್ತು. ತನಿಖೆಯನ್ನು ಆ ಸಂಸ್ಥೆಯೇ ವಹಿಸಿಕೊಂಡಿತು. 2013ರಲ್ಲಿ ವಿಶೇಷ ನ್ಯಾಯಾಲಯ ಆರು ಮಂದಿ ಆರೋಪಿಗಳನ್ನು ಖುಲಾಸೆಗೊಳಿಸಿತು. 2020ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೈಕೊಟ್ಟದ್ದು ಕಾಯ್ದೆಯ ವ್ಯಾಖ್ಯೆಯಲ್ಲ, ಸಾಕ್ಷ್ಯದ ಸರಪಳಿ. ವ್ಯಾಖ್ಯೆಯನ್ನು ಇನ್ನಷ್ಟು ಹಿಗ್ಗಿಸಿದ್ದರೂ ಆ ಸರಪಳಿಯ ಒಂದು ಕೊಂಡಿಯೂ ಗಟ್ಟಿಯಾಗುತ್ತಿರಲಿಲ್ಲ.

ಸಡಿಲ ವ್ಯಾಖ್ಯೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಸಂವಿಧಾನದ 348ನೆಯ ಅನುಚ್ಛೇದದಂತೆ ಕಾಯ್ದೆಯ ಅಧಿಕೃತ ಪಾಠ ಇಂಗ್ಲಿಷಿನದು. 1987ರ ಕಾಯ್ದೆಯಂತೆ ಗೋವಾದ ರಾಜಭಾಷೆ ಕೊಂಕಣಿ, ಜೊತೆಗೆ ಮರಾಠಿಗೂ ಅವಕಾಶ. ವಾಸ್ಕೋದಲ್ಲಿ ದುಡಿಯುವ ಕನ್ನಡದ ಕೂಲಿಕಾರನಿಗೆ ತನ್ನ ಉದ್ದೇಶವೇನಿತ್ತೆಂದು ಹೇಳಿಕೊಳ್ಳುವುದೇ ಕಷ್ಟ. ಅನ್ಯರು ಊಹಿಸಿದ ಸಂಭವವನ್ನು ಅಲ್ಲಗಳೆಯುವುದು ಇನ್ನೂ ಕಷ್ಟ. ಆದುದರಿಂದ ತಿದ್ದುಪಡಿ ಎರಡು ಕಡೆ ಆಗಬೇಕಿದೆ: 113ರಿಂದ ‘ಸಂಭವ’ ತೊಲಗಬೇಕು, ಮಂಜೂರಾತಿಯ ಜರಡಿ ಬರಬೇಕು. ಮಿಕ್ಕ ಕೆಲಸ ತನಿಖಾಧಿಕಾರಿಯದು, ಪ್ರಯೋಗಾಲಯದ್ದು.